ಕಾರ್ ಕೀಗೆ ಕವರ್ ಹಾಕಬೇಕಾ, ಬೇಡ್ವಾ?

ಕುಂದಾಪುರದ ಹುಡುಗ: ನಮ್ಮ ಕಾರಿನ ರಿಮೋಟ್ ಕೀಯಲ್ಲಿ ಅನ್‌ಲಾಕ್ ಬಟನ್ ಮೇಲಿನ ರಬ್ಬರ್ ಸವೆದು ತೂತಾಗಿದೆ. ಮಡಚುವ ಕೀ, ಒಳಗೆ ನಾಣ್ಯದಂಥ ಸಿಆರ್ 2032 ಸೆಲ್. ಮಳೆ ಶುರುವಾಗುವ ಮೊದಲು ಸಿಲಿಕೋನ್ ಕವರ್ ಹಾಕೋಣ ಅಂತಿದ್ದೇನೆ. ಅಪ್ಪ ಮಾತ್ರ ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ನೀವೇನು ಹೇಳುತ್ತೀರಿ?

ನಿಧಾನ ಗಾಡಿ: ಹಾಕಿ ಮಾರಾಯ್ರೆ. ಕೀ ಕೈಜಾರಿ ಬೀಳುವುದು ಇದ್ದದ್ದೇ. ಜೇಬಿನಲ್ಲಿ ಚಿಲ್ಲರೆ, ಮನೆ ಬೀಗದ ಕೈ ಎಲ್ಲ ಒಟ್ಟಿಗೆ ತುಂಬಿಕೊಳ್ಳುವವರಿಗೆ ಬೇಕೇ ಬೇಕು.

ಗ್ರೀಸ್ ಕೈ: ಹೊಸ ಕೀಗಾದರೆ ಸರಿ. ತೂತು ಬಿದ್ದ ಕೀಗೆ ಕವರ್ ಹಾಕಿದರೆ ಕೆಡುಕೇ ಜಾಸ್ತಿ. ಬೆವರು, ಮರಳು, ಮಳೆ ನೀರು ಕವರ್ ಸಂದಿಯಲ್ಲಿ ಸೇರಿಕೊಂಡು ಒಣಗುವುದಕ್ಕೆ ಗಾಳಿಯೂ ಸಿಗದೆ ಅದೇ ತೂತಿನಿಂದ ನಿಧಾನವಾಗಿ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಇಳಿಯುತ್ತದೆ. ಬಿಚ್ಚಿ ನೋಡಿದರೆ ಸೆಲ್ ಕೂರುವ ಜಾಗದಲ್ಲಿ ಕಿಲುಬು. ಮೊದಲು ಹೊರಗಿನ ಪ್ಲಾಸ್ಟಿಕ್ ಕವಚ, ಅಂದರೆ ಶೆಲ್ ಬದಲಿಸಿ. ಒಳಗಿನ ಬೋರ್ಡ್ ಹಳೆಯದೇ ಆದ್ದರಿಂದ ಮತ್ತೆ ಪ್ರೋಗ್ರಾಂ ಮಾಡಿಸಬೇಕಿಲ್ಲ.

ನಿಧಾನ ಗಾಡಿ: ಹಾಗಂತ ಎಲ್ಲರಿಗೂ ಕವರ್ ಬೇಡ ಅನ್ನಬೇಡಿ. ಆಗಾಗ ತೆಗೆದು ಒರೆಸಿದರೆ ಮುಗಿಯಿತಲ್ಲ!

ಗ್ರೀಸ್ ಕೈ: ಯಾರು ಒರೆಸುತ್ತಾರೆ ಸ್ವಾಮಿ? 😀 ಇನ್ನೊಂದು ವಿಷಯ. ಕೆಲವು ಕೀಗಳಲ್ಲಿ ಇಮೊಬಿಲೈಸರ್ ಚಿಪ್ (ಕೀ ಅಸಲಿ ಅಂತ ಕಾರಿಗೆ ತಿಳಿಸುವ ಚಿಪ್) ಬೋರ್ಡಿನ ಮೇಲೆ ಇರುವುದಿಲ್ಲ, ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಬೇರೆಯೇ ಕೂತಿರುತ್ತದೆ. ಅದನ್ನು ಹಳೆ ಶೆಲ್ ಜೊತೆ ಎಸೆದುಬಿಟ್ಟರೆ ರಿಮೋಟಿಗೆ ಬಾಗಿಲು ತೆರೆಯುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ.

ಘಟ್ಟದ ಮೇಲಿನವ: ಮೆಟಲ್ ಕವರ್ ಗಟ್ಟಿ ಅಲ್ವಾ? ನಮ್ಮದು ಪುಶ್ ಸ್ಟಾರ್ಟ್, ಕೀ ಜೇಬಿನಲ್ಲಿದ್ದರೆ ಬಟನ್ ಒತ್ತಿ ಸ್ಟಾರ್ಟ್ ಮಾಡುವುದು.

ಗ್ರೀಸ್ ಕೈ: ನಿಮಗಂತೂ ಬೇಡವೇ ಬೇಡ. ಸುತ್ತಲೂ ಲೋಹ ಮುಚ್ಚಿದರೆ ಸಿಗ್ನಲ್ ಕುಗ್ಗುತ್ತದೆ, ಕೀ ಜೇಬಿನಲ್ಲಿದ್ದರೂ ಕಾರಿಗೆ ಗೊತ್ತಾಗದೆ ಹೋಗಬಹುದು. ಚರ್ಮದ್ದೋ ಟಿಪಿಯು ಅನ್ನುವ ಬಾಗುವ ಪ್ಲಾಸ್ಟಿಕ್ಕಿನದ್ದೋ ಹಾಕಿ.

ಮೈಸೂರು ಅಕ್ಕ: ಕವರ್ ಮಾತೇ ಆಯಿತು. ಆ ಕೀ ಚೈನ್ ಭಾರ ಯಾರೂ ನೋಡುವುದಿಲ್ಲವಲ್ಲ? ಗಣಪತಿ, ಬಾಟಲ್ ಓಪನರ್, ಅಂಗಡಿ ಶಟರ್ ಕೀ ಎಲ್ಲ ಒಂದೇ ರಿಂಗಿನಲ್ಲಿ. ಗಾಡಿ ಕುಲುಕಿದಷ್ಟೂ ಅದು ಇಗ್ನಿಷನ್ನಿನಲ್ಲಿ ಜೋತಾಡುತ್ತದೆ, ಕೀ ಜೊತೆಗೆ ಲಾಕೂ ಸವೆಯುತ್ತದೆ. ಅಂದಹಾಗೆ, ಕೀ ನೀರಿಗೆ ಬಿದ್ದರೆ ಅಕ್ಕಿ ಡಬ್ಬಿಯಲ್ಲಿ ಇಡಬೇಕಂತೆ, ಹೌದಾ?

ಗ್ರೀಸ್ ಕೈ: ಅಕ್ಕಿ ಅನ್ನಕ್ಕೆ ಇರಲಿ ಅಕ್ಕ. ತಕ್ಷಣ ಸೆಲ್ ತೆಗೆಯಿರಿ, ಕೆಲಸ ಮಾಡುತ್ತದಾ ಅಂತ ಬಟನ್ ಒತ್ತಿ ನೋಡಬೇಡಿ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತಗೆ ಒರೆಸಿ, ಫ್ಯಾನ್ ಗಾಳಿಗೆ ಚೆನ್ನಾಗಿ ಒಣಗಿಸಿ, ಆಮೇಲೆ ಹೊಸ ಸೆಲ್ ಹಾಕಿ. ಉಪ್ಪು ನೀರಿಗೆ ಬಿದ್ದಿದ್ದರೆ ತಡ ಮಾಡಿದಷ್ಟೂ ಕಷ್ಟ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆಗೆದ ಸೆಲ್ ಮೇಜಿನ ಮೇಲೆ ಬಿಡಬೇಡಿ, ನುಂಗಿದರೆ ಅನ್ನನಾಳವನ್ನೇ ಸುಟ್ಟುಬಿಡುತ್ತದೆ.

ಕುಂದಾಪುರದ ಹುಡುಗ: ಸರಿ, ಮೊದಲು ಶೆಲ್, ಕವರ್ ಆಮೇಲೆ. ಶೆಲ್ ಜೊತೆ ಬರುವ ಖಾಲಿ ಬ್ಲೇಡನ್ನು (ಲಾಕಿನೊಳಗೆ ಹೋಗುವ ಲೋಹದ ಭಾಗ) ಕಟ್ ಮಾಡಿಸಲೇಬೇಕಾ?

ಗ್ರೀಸ್ ಕೈ: ಬೇಡ. ಅದೇ ಮಾಡೆಲ್ಲಿನ ಶೆಲ್ ಆದರೆ ಹಳೆ ಬ್ಲೇಡೇ ಸಾಮಾನ್ಯವಾಗಿ ಕೂರುತ್ತದೆ. ಬುಡದಲ್ಲಿ ಸಣ್ಣ ಪಿನ್ ಇರುತ್ತದೆ, ಮೆಲ್ಲಗೆ ತಟ್ಟಿ ತೆಗೆಸಿ. ಕೀ ಮಾಡುವವನ ಎದುರೇ ನಿಂತು ಮಾಡಿಸಿ, ಚಿಪ್ ಕಡೆ ಒಂದು ಕಣ್ಣಿರಲಿ.