ಒಂದು ಹೊತ್ತು ಹಾಲು ಹಾಕದಿದ್ದರೆ ಇಡೀ ತಿಂಗಳ ಒಟ್ಟು ಮಾಯ: ಆಕ್ಸೆಸ್‌ನಲ್ಲಿ ಎಲ್ಲಿ ತಪ್ಪಿದೆ?

ಡೈರಿಲೆಕ್ಕ

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಒಂದು ಹಳ್ಳಿ ನಮ್ಮದು. ಊರಿನ ಹಾಲಿನ ಡೈರಿಯಲ್ಲಿ ಎರಡು ವರ್ಷದಿಂದ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. 140 ಜನ ಸದಸ್ಯರಿದ್ದಾರೆ. ಕಾರ್ಯದರ್ಶಿಗಳು ದೊಡ್ಡ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದದ್ದನ್ನು ನಾನೇ ಆಕ್ಸೆಸ್ 2016ಕ್ಕೆ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ಹಾಕಿದೆ. ಕಲಿಸಿದವರು ಯಾರೂ ಇಲ್ಲ, ವಿಡಿಯೋ ನೋಡಿ ಕಲಿತದ್ದು.

ರಿಜಿಸ್ಟರ್ ಹೇಗಿದೆಯೋ ಟೇಬಲ್ ಕೂಡ ಹಾಗೇ ಇದೆ. ಒಬ್ಬ ಸದಸ್ಯರಿಗೆ ತಿಂಗಳಿಗೆ ಒಂದು ಸಾಲು. ಬೆಳಗ್ಗೆ ಸಂಜೆ ಸೇರಿ 62 ಹೊತ್ತು. ಒಂದು ಹೊತ್ತಿಗೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ದರ ಅಂತ ನಾಲ್ಕು ಕಾಲಂ. ಬೆ1ಲೀ, ಬೆ1ಫ್ಯಾ ಅಂತ ಶುರುವಾಗಿ ಸಂ31ದರ ತನಕ 248 ಆಯಿತು. ಜೊತೆಗೆ ಸದಸ್ಯ ಸಂಖ್ಯೆ, ಹೆಸರು, ತಿಂಗಳು, ವರ್ಷ, ಫೀಡ್ ಕಡಿತ, ಸಾಲದ ಕಡಿತ. ಒಟ್ಟು 254. (ನಗಬೇಡಿ. ಈ ಹೆಸರು ಟೈಪ್ ಮಾಡೋಕೇ ಎರಡು ದಿನ ಹಿಡಿಯಿತು.)

ಈಗ ತಲೆನೋವು ಎರಡು.

ಒಂದು: ನಮ್ಮಲ್ಲಿ ಮೂರು ಹಸು ಕಟ್ಟಿರುವ ಒಬ್ಬರು ಯಜಮಾನರಿದ್ದಾರೆ. ಒಂದು ಹೊತ್ತೂ ತಪ್ಪಿಸುವವರಲ್ಲ. ಹೋದ ತಿಂಗಳು 9ನೇ ತಾರೀಖು ಸಂಜೆ ಮಗಳ ಸೀಮಂತಕ್ಕೆ ಹೋಗಿದ್ದರು, ಹಾಲು ಹಾಕಲಿಲ್ಲ. ನಾನು ಆ ಕಾಲಂ ಖಾಲಿ ಬಿಟ್ಟೆ. ಬಟವಾಡೆ ದಿನ ಚೀಟಿ ತೆಗೆದರೆ ಒಟ್ಟು ಲೀಟರ್ ಜಾಗ ಖಾಲಿ, ದುಡ್ಡಿನ ಜಾಗವೂ ಖಾಲಿ! ಕಿಟಕಿ ಹತ್ತಿರ ನಿಂತು, "ಏನವ್ವಾ, ನಮ್ಮ ಹಸ ತಿಂಗಳೆಲ್ಲಾ ಗಾಳಿ ಕರೀತಾ?" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕ್ವೆರಿಯಲ್ಲಿ (ಟೇಬಲ್‌ನಿಂದ ಬೇಕಾದ ಲೆಕ್ಕ ತೆಗೆಯುವ ಆದೇಶ) ಎಲ್ಲಾ ಲೀಟರ್ ಕಾಲಂಗಳಿಗೂ ಪ್ಲಸ್ ಹಾಕಿ ಕೂಡಿಸಿದ್ದೇನೆ, ಅಷ್ಟೇ.

ಎರಡು: ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನಕ್ಕೆ ಒಂದು ಕಾಲಂ ಸೇರಿಸಿದೆ. ಸೇರಿತು. ನಂಬರ್ ಬದಲು ಟೆಕ್ಸ್ಟ್ ಅಂತ ಕೊಟ್ಟುಬಿಟ್ಟಿದ್ದೆ. ಅಳಿಸಿ ಮತ್ತೆ ಸೇರಿಸಲು ಹೋದರೆ 'ಟೂ ಮೆನಿ ಫೀಲ್ಡ್ಸ್ ಡಿಫೈನ್ಡ್' ಅನ್ನುತ್ತಿದೆ. ಎಷ್ಟು ಸಲ ಎಣಿಸಿದರೂ 255 ದಾಟಲ್ಲ. ಇದ್ಯಾವ ನ್ಯಾಯ?

ಸೆಲ್‌ಫಾರ್ಮುಲಾ

ಇಷ್ಟಕ್ಕೆಲ್ಲಾ ಆಕ್ಸೆಸ್ ಯಾಕೆ? ಎಕ್ಸೆಲ್‌ನಲ್ಲಿ ಸಮ್ ಹಾಕಿ, ಖಾಲಿ ಸೆಲ್ ಬಿಟ್ಟು ತಾನೇ ಕೂಡಿಕೊಳ್ಳುತ್ತೆ. ಕಾಲಂ 16,384 ಇವೆ. ನಿಮ್ಮ ಇಡೀ ತಾಲ್ಲೂಕಿನ ಹಸು ಹಿಡಿಸುತ್ತವೆ.

ಹಳೇಮೌಸ್

ಎಕ್ಸೆಲ್ ಸದ್ಯಕ್ಕೆ ಬೇಡ. ಈ ಹುಡುಗಿ ಅರ್ಧ ದಾರಿ ಬಂದಾಗಿದೆ. ನಾನು ಆಕ್ಸೆಸ್ 97 ಕಾಲದಿಂದ ಇದರ ಜೊತೆ ಗುದ್ದಾಡಿದವನು, ಇದೇ ತಪ್ಪನ್ನು ಸಂಬಳದ ಪಟ್ಟಿಯಲ್ಲಿ ಮಾಡಿದ್ದೆ.

ಮೊದಲು ಯಜಮಾನರ ಹಸು. ಖಾಲಿ ಅಂದರೆ ಸೊನ್ನೆ ಅಲ್ಲಮ್ಮ. ಆಕ್ಸೆಸ್ ಅದನ್ನು ನಲ್ ಅನ್ನುತ್ತೆ, ಅಂದರೆ 'ಗೊತ್ತಿಲ್ಲ'. ಗೊತ್ತಿರುವ 61 ಲೆಕ್ಕಕ್ಕೆ ಗೊತ್ತಿಲ್ಲದ ಒಂದನ್ನು ಕೂಡಿಸಿದರೆ ಬರುವ ಮೊತ್ತವೂ ಗೊತ್ತಿಲ್ಲ. ಈ ಸಲದ ಬಟವಾಡೆ ದಾಟಿಸಲು ಪ್ರತಿ ಕಾಲಂಗೂ ಎನ್‌ಝಡ್ ಫಂಕ್ಷನ್ ಸುತ್ತಿ, ಕಾಮಾ ಹಾಕಿ ಸೊನ್ನೆ ಕೊಡಿ. ಖಾಲಿ ಇದ್ದ ಕಡೆ ಸೊನ್ನೆ ಹಿಡಿಯುತ್ತೆ.

ಎರಡನೆಯದು. ಟೇಬಲ್‌ಗೆ 255 ಕಾಲಂ ಮಿತಿ. ಅಳಿಸಿದ ಕಾಲಂ ಕೂಡ ಆ ಲೆಕ್ಕದಲ್ಲೇ ಉಳಿದಿರುತ್ತೆ, ಕಾಂಪ್ಯಾಕ್ಟ್ ಅಂಡ್ ರಿಪೇರ್ (ಫೈಲ್ ಸ್ವಚ್ಛ ಮಾಡುವ ಆಕ್ಸೆಸ್‌ನದೇ ಆದೇಶ) ಮಾಡುವ ತನಕ. ಮಾಡಿದರೆ ಒಂದು ಕಾಲಂ ಸಿಗುತ್ತೆ. ಆದರೆ ಆ ಒಂದಕ್ಕೋಸ್ಕರ ಮಾಡಬೇಡಿ, ಮುಂದಿನ ತಿಂಗಳು ಇನ್ನೊಂದು ಬೇಕಾಗುತ್ತೆ.

ರಿಜಿಸ್ಟರ್ ಅಗಲಕ್ಕೆ ಬೆಳೆದದ್ದು ಯಾಕೆ? ಒಂದೇ ಪುಟದಲ್ಲಿ ತಿಂಗಳು ಪೂರಾ ಕಾಣಲಿ ಅಂತ. ಟೇಬಲ್‌ಗೆ ಆ ಗೊಡವೆ ಇಲ್ಲ. ಅದು ಉದ್ದಕ್ಕೆ ಬೆಳೆಯಬೇಕು. ನಿಮಗೆ ಬೇಕಾದ್ದು ಎರಡು ಟೇಬಲ್. 'ಸದಸ್ಯರು': ಸಂಖ್ಯೆ, ಹೆಸರು. 'ಹಾಲು': ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ಒಬ್ಬರು ಒಂದು ಹೊತ್ತು ಹಾಲು ಹಾಕಿದರೆ ಒಂದು ಸಾಲು. ಹಾಕಲಿಲ್ಲವಾ, ಸಾಲೇ ಇಲ್ಲ. ಯಜಮಾನರು ಸೀಮಂತಕ್ಕೆ ಹೋಗಲಿ, ಧರ್ಮಸ್ಥಳಕ್ಕೆ ಹೋಗಲಿ, ಇದ್ದಷ್ಟು ಸಾಲನ್ನು ಸಮ್ ಕೂಡಿಸುತ್ತೆ. 140 ಜನಕ್ಕೆ 62 ಹೊತ್ತು ಅಂದರೆ ತಿಂಗಳಿಗೆ 8,680 ಸಾಲು, ವರ್ಷಕ್ಕೆ ಲಕ್ಷದ ಮೇಲೆ ಸ್ವಲ್ಪ. ಹೆದರಬೇಡಿ, ಫೈಲ್ 2 ಜಿಬಿ ಮುಟ್ಟುವ ತನಕ ಜಾಗವಿದೆ. ಕಡಿತಗಳಿಗೆ ಮೂರನೇ ಟೇಬಲ್ ಮಾಡಿ. ಕಾರ್ಯದರ್ಶಿಗಳು ರಿಜಿಸ್ಟರ್ ಥರಾನೇ ಬೇಕು ಅಂದರೆ ಉದ್ದದ ಸಾಲುಗಳನ್ನು ಅಗಲದ ಕಾಲಂ ಮಾಡಿ ತೋರಿಸುವ ಕ್ರಾಸ್‌ಟ್ಯಾಬ್ ಕ್ವೆರಿ ಹಾಕಿ ಪ್ರಿಂಟ್ ಕೊಡಿ.

ಪ್ರೋತ್ಸಾಹಧನಕ್ಕೆ ಕಾಲಂ ಬೇಡವೇ ಬೇಡ, ಲೀಟರ್‌ನಿಂದ ಕ್ವೆರಿಯಲ್ಲೇ ಗುಣಿಸಿ. ದರ ಮಾತ್ರ ಆಯಾ ಸಾಲಿನಲ್ಲೇ ಉಳಿಯಲಿ. ದರಪಟ್ಟಿ ಬದಲಾದ ದಿನ ಹಳೇ ಚೀಟಿಗಳ ಲೆಕ್ಕ ಬದಲಾಗಬಾರದು, ಅಲ್ವಾ?

ಇನ್ನೊಂದು, ಮರೆಯಬೇಡಿ: ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು ಮೂರನ್ನೂ ಸೇರಿಸಿ ಒಂದು ಯೂನಿಕ್ ಇಂಡೆಕ್ಸ್ ಮಾಡಿ, ಅಂದರೆ ಮೂರೂ ಒಂದೇ ಇರುವ ಎರಡನೇ ಸಾಲನ್ನು ಒಳಗೆ ಬಿಡದ ಕಾವಲು. ಒಂದೇ ಚೀಟಿ ಎರಡು ಸಲ ಹತ್ತಲ್ಲ. ಹಳೇ ಟೇಬಲ್ ನಕಲು ಇಟ್ಟುಕೊಂಡು, ಎಕ್ಸೆಲ್‌ಗೆ ಕಳಿಸಿ, ಅದರೊಳಗಿನ ಪವರ್ ಕ್ವೆರಿಯಲ್ಲಿ ಅನ್‌ಪಿವಟ್ ಮಾಡಿದರೆ ಅಗಲದ್ದು ಉದ್ದ ಆಗುತ್ತೆ. (ನೋಡಿ, ಎಕ್ಸೆಲ್‌ಗೂ ಕೆಲಸ ಸಿಕ್ಕಿತು.)

ಡೈರಿಲೆಕ್ಕ

ಐದು ರಾತ್ರಿ ಕೂತು ಮಾಡಿದೆ ಸರ್. ಏಪ್ರಿಲ್‌ನಿಂದ ಈಚಿನದ್ದು ಮಾತ್ರ ಸಾಗಿಸಿದೆ. ಯಜಮಾನರ ಒಟ್ಟು ಬಂತು!

ಆದರೆ ಈಗ ಹೊಸದು. 1ರಿಂದ 15ರ ಬಟವಾಡೆ ಪಟ್ಟಿಯಲ್ಲಿ 140 ಜನ ಬರಬೇಕು, 122 ಬರುತ್ತಿದೆ. ಉಳಿದವರ ಹಸು ಬತ್ತಿವೆ, ಹಾಲು ಇಲ್ಲ. ಆದರೆ ಫೀಡ್ ಮೂಟೆ ತಗೊಂಡಿದ್ದಾರೆ, ಕಡಿತ ತೋರಿಸಲೇಬೇಕು. ಹಾಲು ಇರಲಿ ಬಿಡಲಿ ಸದಸ್ಯರೆಲ್ಲಾ ಬರಲಿ ಅಂತ ಎರಡು ಟೇಬಲ್ ನಡುವೆ ಲೆಫ್ಟ್ ಜಾಯಿನ್ ಹಾಕಿದ್ದೇನೆ, ಬಾಣದ ಗುರುತೂ ಕಾಣುತ್ತಿದೆ.

ಇನ್ನೊಂದು, ಹಾಲು ತುಂಬುವ ಫಾರ್ಮ್‌ನಲ್ಲಿ ಆ ಸದಸ್ಯರ ಇಲ್ಲಿಯ ತನಕದ ಒಟ್ಟು ಕಾಣಲಿ ಅಂತ ಒಟ್ಟಿನ ಕ್ವೆರಿಯನ್ನು ಅದಕ್ಕೆ ಜೋಡಿಸಿದೆ. ಒಟ್ಟು ಕಾಣುತ್ತೆ, ಆದರೆ ಒಂದಕ್ಷರ ಟೈಪ್ ಮಾಡಲು ಬಿಡಲ್ಲ. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ, ನಾನು ಕೀಬೋರ್ಡ್ ಕುಟ್ಟುತ್ತಾ ಕೂತಿದ್ದೆ.

ಅಡಿಕೆಮಂಡಿ

ಪಟ್ಟಿಯದ್ದು ನಾನು ಹೇಳ್ತೇನೆ, ನಮ್ಮ ಮಂಡಿ ಲೆಕ್ಕದಲ್ಲಿ ಇದೇ ಆಗಿತ್ತು. ಬಾಣ ಸರಿ ಇದೆ ಅಕ್ಕಾ. ದಿನಾಂಕದ ಷರತ್ತನ್ನು ಅದೇ ಕ್ವೆರಿಯಲ್ಲಿ ಹಾಲು ಟೇಬಲ್ ಮೇಲೆ ಕೊಟ್ಟಿರಬೇಕು. ಹಾಲೇ ಹಾಕದವರ ಸಾಲಿನಲ್ಲಿ ದಿನಾಂಕ ಖಾಲಿ. ಖಾಲಿ ದಿನಾಂಕ 1 ಮತ್ತು 15ರ ನಡುವೆ ಬರುತ್ತಾ? ಬರಲ್ಲ, ಹೊರಗೆ ದಬ್ಬುತ್ತೆ. ಮತ್ತೆ ಅದೇ ನಲ್ಲಪ್ಪನ ಕಾಟ.

ಮೊದಲು ಹಾಲು ಟೇಬಲ್ ಒಂದರಿಂದಲೇ ಆ 15 ದಿನದ ಒಟ್ಟು ತೆಗೆಯುವ ಕ್ವೆರಿ ಮಾಡಿ, ಸೇವ್ ಮಾಡಿ. ಆಮೇಲೆ ಸದಸ್ಯರಿಂದ ಅದಕ್ಕೆ ಲೆಫ್ಟ್ ಜಾಯಿನ್. ಲೀಟರ್‌ಗೆ ಎನ್‌ಝಡ್. 140 ಬರುತ್ತೆ. ಮುಂದೆ ಯಾವತ್ತಾದರೂ ವಿಬಿಎ (ಆಕ್ಸೆಸ್‌ನೊಳಗಿನ ಪ್ರೋಗ್ರಾಂ ಭಾಷೆ) ಕೋಡ್‌ನಲ್ಲಿ ದಿನಾಂಕ ಬರೆದರೆ ಹುಷಾರು, ಅಲ್ಲಿ ಅಮೆರಿಕದ ಲೆಕ್ಕ. 5/4 ಅಂದರೆ ಮೇ 4 ಅಂತ ಓದುತ್ತೆ. 13/4 ಮಾತ್ರ ಏಪ್ರಿಲ್ 13 ಅಂತಲೇ ಓದುತ್ತೆ, ಹದಿಮೂರನೇ ತಿಂಗಳು ಇಲ್ಲವಲ್ಲ. ಹಾಗಾಗಿ ತಪ್ಪು ಬೇಗ ಕಣ್ಣಿಗೆ ಬೀಳಲ್ಲ.

ಹಳೇಮೌಸ್

ಫಾರ್ಮ್ ಬೀಗ ಹಾಕಿಕೊಂಡದ್ದು ಆ ಒಟ್ಟಿನ ಕ್ವೆರಿಯಿಂದ. ಗುಂಪು ಮಾಡಿ ಕೂಡಿಸಿದ ಸಾಲು ಹತ್ತಾರು ಸಾಲಿನ ಸಾರು. ಅದಕ್ಕೆ ಜೋಡಿಸಿದ ಯಾವುದನ್ನೂ ಆಕ್ಸೆಸ್ ತಿದ್ದಲು ಬಿಡಲ್ಲ. ಫಾರ್ಮ್‌ಗೆ ಹಾಲು ಟೇಬಲ್ ಮಾತ್ರ ಕೊಡಿ. ಒಟ್ಟು ತೋರಿಸಲು ಒಂದು ಬೇರೆ ಟೆಕ್ಸ್ಟ್ ಬಾಕ್ಸ್ ಇಟ್ಟು ಡಿಸಮ್ (ಟೇಬಲ್‌ನಿಂದ ನೇರ ಕೂಡಿಸಿ ಕೊಡುವ ಫಂಕ್ಷನ್) ಬರೆಯಿರಿ.

ಇಂಡೆಕ್ಸ್ ಮಾಡಿದಿರಾ? ಅದರ ಬಗ್ಗೆ ನೀವು ಏನೂ ಹೇಳಲಿಲ್ಲ.

ಡೈರಿಲೆಕ್ಕ

140 ಬಂತು, ಫಾರ್ಮ್ ಬೀಗವೂ ಬಿಟ್ಟಿತು. ಇಬ್ಬರಿಗೂ ಥ್ಯಾಂಕ್ಸ್.

ಇಂಡೆಕ್ಸ್ ಮಾಡಿರಲಿಲ್ಲ ಸರ್, ಸಿಕ್ಕಿಬಿದ್ದೆ. ಇವತ್ತು ಮಾಡಲು ಹೋದರೆ ಡೂಪ್ಲಿಕೇಟ್ ಇದೆ ಅಂತ ಒಪ್ಪಲಿಲ್ಲ. ಹುಡುಕುವ ವಿಝಾರ್ಡ್ ಓಡಿಸಿದರೆ ರಾಶಿ ರಾಶಿ. ಗಾಬರಿಯಾಯಿತು. ನೋಡಿದರೆ ಹೆಚ್ಚುಕಡಿಮೆ ಎಲ್ಲಾ ಸದಸ್ಯ ಸಂಖ್ಯೆ 37ರದ್ದೇ. ಅವರದು ಒಂದು ಹಸು, ಒಂದು ಎಮ್ಮೆ. ಎಮ್ಮೆ ಹಾಲಿಗೆ ಅಂತ ಹಳೇ ಟೇಬಲ್‌ನಲ್ಲಿ ಇನ್ನೊಂದು ಸಾಲು ಹಾಕಿದ್ದೆ, ಮರೆತೇ ಹೋಗಿತ್ತು. ಹಸು/ಎಮ್ಮೆ ಅಂತ ಒಂದು ಕಾಲಂ ಸೇರಿಸಿ ನಾಲ್ಕಕ್ಕೂ ಇಂಡೆಕ್ಸ್ ಕೊಟ್ಟೆ.

ಆಗಲೂ ಮೂರು ಉಳಿದವು. ಅವು ಹೊಸ ಫಾರ್ಮ್‌ನಲ್ಲಿ ನಾನೇ ಎರಡೆರಡು ಸಲ ತುಂಬಿದ್ದು. ಅದರಲ್ಲಿ ಒಂದು ನಮ್ಮ ಮನೆಯದೇ, 6 ಲೀಟರ್. ಹೋದ ಬಟವಾಡೆಯಲ್ಲಿ ದುಡ್ಡು ಬಂದಿದೆ, ಅಮ್ಮ ಖರ್ಚೂ ಮಾಡಿದ್ದಾಳೆ. ಈ ಸಲ ಹಿಡಿಯುತ್ತೇನೆ ಅಂತ ರಾತ್ರಿ ಊಟ ಆದಮೇಲೆ ಹೇಳಬೇಕು.