12 ಕ್ಲೋನ್‌ಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ? ಟೈಟರ್ ಸಾಕಾ, ಮಾಡೆಲ್ ಬೇಕಾ?

ಕಲಬುರಗಿ ಸೆಲ್‌ಕಲ್ಚರ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆ್ಯಂಟಿಬಾಡಿ ತಯಾರಿಸುವ ಸಿಎಚ್‌ಒ (ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದ) ಜೀವಕೋಶಗಳ 12 ಕ್ಲೋನ್, ಅಂದರೆ ಒಂದೊಂದೇ ಕೋಶದಿಂದ ಬೆಳೆದ 12 ಗುಂಪು, ಕೈಯಲ್ಲಿವೆ. ಶೇಕ್ ಫ್ಲಾಸ್ಕ್‌ನಲ್ಲಿ 8 ದಿನ ಬೆಳೆಸಿ ಎರಡು ದಿನಕ್ಕೊಮ್ಮೆ ಎಣಿಸಿದೆ. ಕೊನೆಯ ದಿನದ ಟೈಟರ್‌ನಲ್ಲಿ (ದ್ರವದಲ್ಲಿ ಸೇರಿದ ಆ್ಯಂಟಿಬಾಡಿಯ ಪ್ರಮಾಣ) 7ನೇ ಕ್ಲೋನ್ ಮುಂದಿದೆ, ಲೀಟರಿಗೆ 320 ಮಿಲಿಗ್ರಾಂ. 11ನೆಯದು 290. ಗೈಡ್ "7 ಇಟ್ಟುಕೋ, ಉಳಿದವನ್ನು ಬಿಡು" ಅನ್ನುತ್ತಾರೆ, ಆದರೆ ನನಗೆ ಮನಸ್ಸು ಬರುತ್ತಿಲ್ಲ.

0, 2, 4, 6, 8ನೇ ದಿನ ಒಂದು ಮಿಲಿಲೀಟರಿನಲ್ಲಿ ಬದುಕಿದ್ದ ಕೋಶಗಳು, ಲಕ್ಷದಲ್ಲಿ:
7ನೆಯದು: 3, 10, 30, 40, 20
11ನೆಯದು: 3, 8, 18, 24, 22

ಆಹಾರ ಎಷ್ಟಿದ್ದರೆ ಬೆಳವಣಿಗೆ ಎಷ್ಟು ವೇಗ ಅಂತ ಹೇಳುವ ಮೊನೊ ಸಮೀಕರಣ ಹಾಕಿ, ಗ್ಲೂಕೋಸ್, ಗ್ಲುಟಮೈನ್, ಲ್ಯಾಕ್ಟೇಟ್, ಅಮೋನಿಯಾ ಎಲ್ಲ ಸೇರಿಸಿ 9 ಪ್ಯಾರಾಮೀಟರ್‌ಗಳ ಮಾಡೆಲ್ ಕೂಡ ಬರೆದೆ. ಗೆರೆ ಪ್ರತಿ ಸಲ ಚೆನ್ನಾಗಿಯೇ ಕೂರುತ್ತದೆ, ಆದರೆ ಪ್ಯಾರಾಮೀಟರ್ ಬೆಲೆ ಪ್ರತಿ ಸಲ ಬೇರೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಶಹಾಪುರದವ

ತಂಗಿ, ಮಾಡೆಲ್ ಸ್ವಲ್ಪ ಪಕ್ಕಕ್ಕಿಡಿ, ಮೊದಲು ಕೈಲೆಕ್ಕ ಮಾಡೋಣ. ನಮ್ಮ ಕಡೆ ತೊಗರಿ ಹೊಲದಲ್ಲಿ ಎಕರೆಗೆ ಎಷ್ಟು ಚೀಲ ಬಂತು ಅಂತ ಮಾತ್ರ ಕೇಳಿದರೆ, ಗಿಡ ಒತ್ತಾಗಿದ್ದವಾ ಅಥವಾ ಒಂದೊಂದು ಗಿಡದಲ್ಲೂ ಕಾಯಿ ಜಾಸ್ತಿ ಇತ್ತಾ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಟೈಟರ್ ಕೂಡ ಹಾಗೆಯೇ. ಎರಡನ್ನೂ ಬಿಡಿಸಿ ನೋಡಬೇಕು.

ನಿಮ್ಮ ಎಣಿಕೆಯ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯಿರಿ. ಪಕ್ಕಪಕ್ಕದ ಎರಡು ಎಣಿಕೆಯ ಸರಾಸರಿಯನ್ನು 2 ದಿನದಿಂದ ಗುಣಿಸಿ ಕೂಡಿಸಿದರೆ ಆಯಿತು. 7ಕ್ಕೆ 183 ಲಕ್ಷ ಕೋಶ-ದಿನ ಬರುತ್ತದೆ, 11ಕ್ಕೆ 125 ಲಕ್ಷ. ಟೈಟರನ್ನು ಇದರಿಂದ ಭಾಗಿಸಿ. 7ರ ಒಂದು ಕೋಶ ದಿನಕ್ಕೆ ಸುಮಾರು 17.5 ಪಿಕೊಗ್ರಾಂ ಕೊಡುತ್ತಿದೆ, 11ರದ್ದು ಸುಮಾರು 23. ನಿಮ್ಮ ಮನಸ್ಸು ಹೇಳಿದ್ದು ಸುಳ್ಳಲ್ಲ.

ಈಗ ಮಾಡೆಲ್ ವಿಷಯ. 5 ದಿನದ ಎಣಿಕೆಯಲ್ಲಿ 9 ಪ್ಯಾರಾಮೀಟರ್ ಸಿಗುವುದಿಲ್ಲ, ಅದು ನಿಮ್ಮ ತಪ್ಪಲ್ಲ, ಡೇಟಾದಲ್ಲಿ ಅಷ್ಟು ಸುದ್ದಿಯೇ ಇಲ್ಲ. ಮೊನೊ ಆ ಸಮೀಕರಣವನ್ನು 1940ರ ದಶಕದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಕಂಡುಕೊಂಡದ್ದು. ನಿಮ್ಮ ಫ್ಲಾಸ್ಕ್‌ನಲ್ಲಿ ಗ್ಲೂಕೋಸ್ ಬಹುಪಾಲು ಸಮಯ ಧಾರಾಳವಾಗಿಯೇ ಇರುತ್ತದೆ, ಹಾಗಾಗಿ ಅರ್ಧವೇಗದ ಸ್ಥಿರಾಂಕ (ಬೆಳವಣಿಗೆ ಅರ್ಧ ವೇಗಕ್ಕೆ ಇಳಿಯುವ ಗ್ಲೂಕೋಸ್ ಮಟ್ಟ) ಎರಡು ದಿನಕ್ಕೊಮ್ಮೆ ಅಳೆದರೆ ಕಾಣುವುದೇ ಇಲ್ಲ. ಅದನ್ನು ಒಂದು ಬೆಲೆಗೆ ಕಟ್ಟಿಹಾಕಿ. ಬೆಳವಣಿಗೆ ವೇಗ, ಸಾವಿನ ವೇಗ, ಕೋಶಕ್ಕೆ ಉತ್ಪಾದನೆ, ಲ್ಯಾಕ್ಟೇಟ್ ಪ್ರಮಾಣ, ಈ ನಾಲ್ಕನ್ನು ಮಾತ್ರ ಡೇಟಾದಿಂದ ಹುಡುಕಿ.

ಇನ್ನೊಂದು, ಗ್ಲುಟಮೈನ್ 37 ಡಿಗ್ರಿಯಲ್ಲಿ ಕೋಶ ಇಲ್ಲದಿದ್ದರೂ ತಾನಾಗಿಯೇ ಒಡೆದು ಅಮೋನಿಯಾ ಆಗುತ್ತದೆ. ಕೋಶ ಹಾಕದ ಖಾಲಿ ಮೀಡಿಯಂನ (ಕೋಶ ಬೆಳೆಸುವ ದ್ರವ) ಒಂದು ಫ್ಲಾಸ್ಕ್ ಜೊತೆಗೆ ಇಟ್ಟು ಅಳೆಯಿರಿ. ಇಲ್ಲವಾದರೆ ಆ ಅಮೋನಿಯಾವನ್ನೆಲ್ಲ ಕೋಶದ ಲೆಕ್ಕಕ್ಕೆ ಬರೆಯುತ್ತೀರಿ.

ಬೀದರ್ ವೆಟ್

ಅಣ್ಣ ಹೇಳಿದ್ದು ಸರಿ. ಆದರೆ 17.5 ಮತ್ತು 23 ಅಂತ ಇಷ್ಟಕ್ಕೇ ತೀರ್ಮಾನ ಬೇಡ. ಸತ್ತ ಕೋಶಕ್ಕೆ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಕೈಯಲ್ಲಿ ಎಣಿಸಿದರೆ ನೂರಕ್ಕೆ 10-20ರಷ್ಟು ಹೆಚ್ಚುಕಡಿಮೆ ಸುಲಭವಾಗಿ ಆಗುತ್ತದೆ. ಪ್ರತಿ ಕ್ಲೋನ್‌ಗೆ 3 ಫ್ಲಾಸ್ಕ್ ಹಾಕಿ.

ಈ ಪ್ರಯೋಗ ಬೇಸಿಗೆಯಲ್ಲಿ ಮಾಡಿದ್ದಾ ಅಕ್ಕಾ? ಕೇಳಲು ಕಾರಣ ಇದೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಣ್ಣಗೆ ಮಾಡುವುದಿಲ್ಲ. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎಸಿ ನಿಂತು ರೂಮು 40 ಡಿಗ್ರಿ ದಾಟಿದರೆ ಅದು 37ರಲ್ಲಿ ನಿಲ್ಲುವುದೇ ಇಲ್ಲ. ನಾನು ಬಿಎಚ್‌ಕೆ-21 (ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದ) ಕೋಶಗಳನ್ನು ಬೆಳೆಸುತ್ತಿದ್ದಾಗ ಒಂದು ಇಡೀ ವಾರದ ಸಾವಿನ ವೇಗ ಹಾಗೆಯೇ ಹಾಳಾಯಿತು. ಒಂದು ತಿಂಗಳು ಸಮೀಕರಣದಲ್ಲಿ ತಪ್ಪು ಹುಡುಕಿದೆ, ತಪ್ಪು ರೂಮಿನಲ್ಲಿತ್ತು. ಒಳಗೊಂದು ಟೆಂಪರೇಚರ್ ಲಾಗರ್ ಇಡಿ.

ಕಲಬುರಗಿ ಸೆಲ್‌ಕಲ್ಚರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪ್ರಯೋಗ ಡಿಸೆಂಬರಿನಲ್ಲಿ ಮಾಡಿದ್ದು, ಆ ಭಯ ಇಲ್ಲ. ಫ್ರೀಜರಿನಲ್ಲಿ ಎಲ್ಲ ದಿನದ ಸ್ಯಾಂಪಲ್ ಇದ್ದವು, ಎಲೈಸಾ (ಆ್ಯಂಟಿಬಾಡಿ ಅಳೆಯುವ ಪರೀಕ್ಷೆ) ಮಾಡಿ ಟೈಟರನ್ನು ಕೋಶ-ದಿನದ ಎದುರು ಹಾಕಿದೆ. 11ರದ್ದು ನೆಟ್ಟಗೆ ಒಂದೇ ಗೆರೆ. 7ರದ್ದು ಆರನೇ ದಿನದಿಂದ ಬಗ್ಗಿದೆ. ಏನು ಅರ್ಥ?

ಶಹಾಪುರದವ

ಬಹಳ ಒಳ್ಳೆ ಕೆಲಸ ಮಾಡಿದಿರಿ. ಗೆರೆಯ ಏರು ಅಂದರೆ ಕೋಶಕ್ಕೆ ಉತ್ಪಾದನೆ. 11 ಬೆಳೆಯುವಾಗಲೂ ನಿಂತಾಗಲೂ ಒಂದೇ ಸಮ ಕೊಡುತ್ತಿದೆ. 7ರಲ್ಲಿ ಬೆಳವಣಿಗೆ ನಿಂತ ಮೇಲೆ ಉತ್ಪಾದನೆಯೂ ಇಳಿದಿದೆ, ಅದಕ್ಕೆ ಲ್ಯೂಡೆಕಿಂಗ್-ಪಿರೆ ಮಾದರಿ ಹಾಕಿ ನೋಡಿ. ಉತ್ಪಾದನೆಯ ಒಂದು ಭಾಗ ಬೆಳವಣಿಗೆಗೆ ಅಂಟಿಕೊಂಡದ್ದು, ಇನ್ನೊಂದು ಭಾಗ ಕೋಶಗಳ ಸಂಖ್ಯೆಗೆ. ಫೆಡ್-ಬ್ಯಾಚ್‌ನಲ್ಲಿ (ಮಧ್ಯೆ ಮಧ್ಯೆ ಆಹಾರ ಸೇರಿಸುತ್ತ ಬೆಳೆಸುವಾಗ) ಕೋಶಗಳು ಬೆಳೆಯದೆ ಬಹಳ ದಿನ ಬದುಕಿರುತ್ತವೆ, ಅಲ್ಲಿ 11 ಮುಂದೆ ಹೋಗುವ ಸಾಧ್ಯತೆ ಜಾಸ್ತಿ.

ಆದರೆ 7ನ್ನು ಬಿಸಾಡಬೇಡಿ, ಏಕೆಂದರೆ 11 ಎಷ್ಟು ಕಾಲ ಹೀಗೆಯೇ ಕೊಡುತ್ತದೆ ಅಂತ ಇನ್ನೂ ನೋಡಿಲ್ಲ. ಆ್ಯಂಟಿಬಾಡಿ ಮಾಡುವುದನ್ನು ಬಿಟ್ಟ ಕೋಶಕ್ಕೆ ಆ ಭಾರ ಇಲ್ಲವಲ್ಲ, ಸ್ವಲ್ಪ ಬೇಗ ಬೆಳೆಯಬಹುದು. ಅದರ ವೇಗ ದಿನಕ್ಕೆ 0.05 ಮಾತ್ರ ಜಾಸ್ತಿ ಅಂದುಕೊಳ್ಳಿ. 60 ದಿನಕ್ಕೆ ಅದರ ಪಾಲು ಉಳಿದವುಗಳ ಎದುರು ಸುಮಾರು 20 ಪಟ್ಟು ಏರುತ್ತದೆ, ಶುರುವಿನಲ್ಲಿ ನೂರಕ್ಕೆ 1 ಇದ್ದರೆ ಕೊನೆಗೆ ಹತ್ತಿರ ಹತ್ತಿರ 17. ಎರಡು ಕ್ಲೋನ್‌ಗಳನ್ನೂ 60 ತಲೆಮಾರು ಪಾಸೇಜ್ ಮಾಡಿ (ಹೊಸ ಮೀಡಿಯಂಗೆ ಮತ್ತೆ ಮತ್ತೆ ಹಾಕಿ ಬೆಳೆಸಿ), ಪ್ರತಿ 10 ತಲೆಮಾರಿಗೆ ಒಂದಿಷ್ಟು ವಯಲ್ ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿ ಇಡಿ.

ಕಲಬುರಗಿ ಸೆಲ್‌ಕಲ್ಚರ್

ಸೋಮವಾರ ಗೈಡ್‌ಗೆ ಈ ಎರಡು ಗೆರೆಗಳನ್ನೇ ತೋರಿಸುತ್ತೇನೆ ಅಣ್ಣಾ. 3-3 ಫ್ಲಾಸ್ಕ್ ಇವತ್ತೇ ಶುರು ಮಾಡಿದೆ, ಖಾಲಿ ಮೀಡಿಯಂನದ್ದೂ ಒಂದು ಜೊತೆಗಿದೆ.