ಅಂಪೈರ್‌ಗೂ ಎಂಪೈರ್‌ಗೂ ಏನು ನಂಟು?

ಬದಿಯಡ್ಕ ಭಾವ: (ಹಲವು ಬಾರಿ ರವಾನೆಯಾದ ಸಂದೇಶ) ‘ಅಂಪೈರ್ ಎಂಬುದು ಎಂಪೈರ್ ಪದದ ಅಪಭ್ರಂಶ. ಸಾಮ್ರಾಜ್ಯದ ಅಧಿಕಾರಿಯೇ ಮೈದಾನದಲ್ಲಿ ನಿಂತು ತೀರ್ಪು ಕೊಡುತ್ತಿದ್ದುದರಿಂದ ಈ ಹೆಸರು. ಗುಲಾಮಗಿರಿಯ ಪದವನ್ನು ಬಿಡಿ. ಎಲ್ಲರಿಗೂ ಕಳುಹಿಸಿ.’

ಬದಿಯಡ್ಕ ಭಾವ: ನಮ್ಮ ಅಂಡರ್‌ಆರ್ಮ್ ಪಂದ್ಯಾಟದ ಆಮಂತ್ರಣದಲ್ಲಿ ‘ತೀರ್ಪುಗಾರರು’ ಎಂದೇ ಅಚ್ಚು ಹಾಕಿಸೋಣ. ಇವತ್ತು ಸಂಜೆಯೇ ಪ್ರೆಸ್ಸಿಗೆ ಕೊಡಬೇಕು.

ಅಪ್ಪಚ್ಚಿ: ಸರಿಯಾದ ಮಾತು. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ ನೋಡಿ.

ನಾನು: ತೀರ್ಪುಗಾರರು ಎಂದು ಹಾಕಿಸಿ ಭಾವ, ನನ್ನ ತಕರಾರಿಲ್ಲ. ಆದರೆ ಕಾರಣ ಶುದ್ಧ ಸುಳ್ಳು. ಈ ಪದ 14ನೆಯ ಶತಮಾನದಲ್ಲೇ ಇಂಗ್ಲಿಷಿನಲ್ಲಿತ್ತು. ಆಗ ಬ್ರಿಟಿಷ್ ಸಾಮ್ರಾಜ್ಯ ಎಲ್ಲಿತ್ತು? ಹಳೆಯ ಫ್ರೆಂಚಿನ ‘ನೊನ್‌ಪೆರ್’ ಇದರ ಮೂಲ. ‘ನೊನ್’ ಎಂದರೆ ಅಲ್ಲ, ‘ಪೆರ್’ ಎಂದರೆ ಸಮ. ಇಬ್ಬರು ಕಚ್ಚಾಡುವಾಗ ಯಾರ ಪೈಕಿಗೂ ಸೇರದ ಬೆಸ ಮನುಷ್ಯ, ಮೂರನೆಯವನು.

ಅಪ್ಪಚ್ಚಿ: ನೊನ್‌ಪೆರ್‌ನ ‘ನ’ ಎಲ್ಲಿಗೆ ಹೋಯಿತು ಮಾಣಿ? ಹಸು ತಿಂದಿತೇ?

ನಾನು: ಹಿಂದಿನ ಪದ ತಿಂದಿತು ಅಪ್ಪಚ್ಚಿ. ಇಂಗ್ಲಿಷಿನಲ್ಲಿ ‘ಒಂದು’ ಎನ್ನಲು ‘ಎ’, ಸ್ವರದ ಮುಂದೆ ‘ಆ್ಯನ್’. ‘ಎ ನೂಂಪೆರ್’ ಎಂಬುದನ್ನು ಜನ ‘ಆ್ಯನ್ ಊಂಪೆರ್’ ಎಂದು ಒಡೆದರು. ಏಪ್ರನ್‌ಗೂ ಇದೇ ಗತಿ, ಮೊದಲು ಅದು ನೇಪ್ರನ್. ನಿಕ್‌ನೇಮ್ ಮಾತ್ರ ತಿರುಗಾಮುರುಗಾ: ‘ಆ್ಯನ್ ಈಕ್‌ನೇಮ್’ನಿಂದ ‘ನ’ವನ್ನು ಕದ್ದುಕೊಂಡಿತು.

ಚಿಕ್ಕಮ್ಮ, ಕುಂಬಳೆ: ಆರೆಂಜ್ ಕೂಡ ಹಾಗೆಯೇ ಅಲ್ಲವೇ? ನಮ್ಮ ಪಕ್ಕದ ಅಂಗಡಿಯ ಮಲಯಾಳಿ ಲಿಂಬೆಗೆ ಈಗಲೂ ಚೆರುನಾರಂಙ ಎನ್ನುತ್ತಾನೆ.

ನಾನು: ಹೌದು ಚಿಕ್ಕಮ್ಮ. ಸಂಸ್ಕೃತದ ನಾರಂಗ, ಪಾರಸಿಯ ನಾರಂಗ್, ಸ್ಪೇನಿನವರ ನರಾಂಹ ಎಲ್ಲದರಲ್ಲೂ ‘ನ’ ಇದೆ. ಫ್ರೆಂಚಿನಲ್ಲಿ ಉದುರಿತು. ಇಂಗ್ಲಿಷರು ಆರೆಂಜನ್ನು ಪಡೆದದ್ದೇ ಆ ಬಳಿಕ, ಆದ್ದರಿಂದ ಆ ತಪ್ಪನ್ನು ಅವರ ತಲೆಗೆ ಕಟ್ಟುವಂತಿಲ್ಲ.

ಬದಿಯಡ್ಕ ಭಾವ: ಲಿಂಬೆಹಣ್ಣು ಅತ್ತ ಇರಲಿ. ಸಂದೇಶ ಬಂದದ್ದು ನಿವೃತ್ತ ಪ್ರಾಧ್ಯಾಪಕರ ಗುಂಪಿನಿಂದ.

ವಕೀಲ ಮಾವ: ಪ್ರಾಧ್ಯಾಪಕರನ್ನು ಬಿಡಿ, ಕಾಯಿದೆ ಪುಸ್ತಕ ನೋಡಿ. 1940ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಅಂಪೈರ್ ಇದ್ದ. ಚೆಂಡು ಬ್ಯಾಟಿಗೂ ಅವನಿಗೂ ಸಂಬಂಧವಿಲ್ಲ. ಮಧ್ಯಸ್ಥರ ಸಂಖ್ಯೆ ಸಮವಾಗಿದ್ದರೆ ಅವರೇ ಸೇರಿ ಒಬ್ಬ ಅಂಪೈರನನ್ನು ನೇಮಿಸಬೇಕಿತ್ತು. ಅವರಲ್ಲಿ ಒಮ್ಮತ ಬಾರದಿದ್ದರೆ ವ್ಯಾಜ್ಯ ಅವನ ಮುಂದೆ. 1996ರ ಕಾಯಿದೆ ಮಧ್ಯಸ್ಥರ ಸಂಖ್ಯೆ ಸಮವಾಗಿರಲೇಬಾರದು ಎಂದಿತು. ಅಂಪೈರನ ಕೆಲಸ ಹೋಯಿತು.

ಪುಟ್ಟ: ಅಜ್ಜ, ಹಾಗಿದ್ದರೆ ಫುಟ್‌ಬಾಲಿನಲ್ಲಿ ಅಂಪೈರ್ ಯಾಕಿಲ್ಲ?

ನಾನು: ನಾನು ಹೇಳುತ್ತೇನೆ ಪುಟ್ಟ. ಹಿಂದೆ ಇದ್ದರು, ತಂಡಕ್ಕೊಬ್ಬರಂತೆ ಇಬ್ಬರು. ತಂಡವೇ ಕರೆತಂದ ಮೇಲೆ ಮೂರನೆಯವನೆಂಬ ಮಾತೆಲ್ಲಿ? ಅವರಿಬ್ಬರಲ್ಲಿ ಒಮ್ಮತವಾಗದಿದ್ದರೆ ಹೊರಗೆ ನಿಂತಿದ್ದ ಇನ್ನೊಬ್ಬನನ್ನು ಕೇಳುತ್ತಿದ್ದರು, ಅವನೇ ರೆಫರಿ. 1891ರಲ್ಲಿ ರೆಫರಿ ಮೈದಾನದೊಳಕ್ಕೆ ಬಂದ, ಅಂಪೈರುಗಳು ಗೆರೆಯ ಬಳಿ ಹೋಗಿ ಲೈನ್ಸ್‌ಮನ್‌ಗಳಾದರು. ಕಬಡ್ಡಿಯಲ್ಲಿ ಈಗಲೂ ಒಬ್ಬ ರೆಫರಿ, ಇಬ್ಬರು ಅಂಪೈರುಗಳು.

ಬದಿಯಡ್ಕ ಭಾವ: ಪ್ರೆಸ್ಸಿನವರು ಬಾಗಿಲು ಹಾಕುವ ಹೊತ್ತಾಯಿತು. ಒಂದು ತೀರ್ಮಾನ ಹೇಳಿ.

ನಾನು: ಯಾವ ಪದವನ್ನಾದರೂ ಹಾಕಿಸಿ. ಆದರೆ ಕರಡಿನಲ್ಲಿ ಆ ಪದದ ಕೆಳಗೆ ಇರುವುದು ನಿಮ್ಮ ಹೆಸರೊಂದೇ, ಊರಿನ ತಂಡದ ನಾಯಕ ನಿಮ್ಮ ಮಗ. ಆ ತಂಡದ ಪಂದ್ಯಕ್ಕಾದರೂ ಬೇರೆಯವರನ್ನು ನಿಲ್ಲಿಸಿ.

ಬದಿಯಡ್ಕ ಭಾವ: ಏನು ಮಾತು ಇದು? ಕಳೆದ ಸಲ ಅವನಿಗೆ ರನೌಟ್ ಕೊಟ್ಟವನೇ ನಾನು!

ಪುಟ್ಟ: ಅದು ಔಟ್ ಆಗಿರಲಿಲ್ಲ ಅಪ್ಪ. ಬ್ಯಾಟು ಗೆರೆಯೊಳಗೇ ಇತ್ತು. ವಿಡಿಯೊ ಇದೆ, ಹಾಕಲೇ?

ವಕೀಲ ಮಾವ: ಮೇಲ್ಮನವಿಯ ಅವಧಿ ಮೀರಿದೆ.

ಚಿಕ್ಕಮ್ಮ, ಕುಂಬಳೆ: ಆದರೂ ಹಾಕು ಪುಟ್ಟ.